ಏಂಜೆಲಾ ಕಾರ್ಟರ್ ಅವರ ಕಿನ್ನರಕತೆಗಳು: ಜೋಡಿ ಮಾಡಿ ಓದುವ ಕ್ರಮ

ಇಂಗ್ಲಿಷ್ ಲೇಖಕಿ ಏಂಜೆಲಾ ಕಾರ್ಟರ್ ಅವರ 'ದ ಬ್ಲಡಿ ಚೇಂಬರ್' 1979ರಲ್ಲಿ ಬಂದ, ಹಳೆಯ ಕಿನ್ನರಕತೆಗಳನ್ನು ಹೊಸದಾಗಿ ಹೇಳುವ ಪುಸ್ತಕ. ಹತ್ತು ಕತೆ, ಸುಮಾರು 150 ಪುಟ. ಇಷ್ಟು ತೆಳುವಾದದ್ದನ್ನು ಎರಡು ದಿನದಲ್ಲಿ ಮುಗಿಸಿಬಿಡೋಣ ಎಂದು ಹೊರಟವರು ಸಾಮಾನ್ಯವಾಗಿ ಮೊದಲ ಕತೆಯಲ್ಲೇ ಸಿಕ್ಕಿಬೀಳುತ್ತಾರೆ. ಅದೊಂದೇ ಸುಮಾರು ನಲವತ್ತು ಪುಟ; ಹೂವು, ಒಡವೆ, ಅತ್ತರು, ಫ್ರೆಂಚ್ ಪದಗಳು ಕಿಕ್ಕಿರಿದ ಉದ್ದುದ್ದ ವಾಕ್ಯಗಳು. ಹೇಗೋ ದಾಟಿದವರಿಗೆ ಮುಂದೆ ಬೇರೆ ಗೊಂದಲ. ಒಂದು ಕತೆಯಲ್ಲಿ ಮೃಗ ಮನುಷ್ಯನಾಗುತ್ತದೆ, ಅದರ ಬೆನ್ನಿಗೇ ಬರುವ ಕತೆಯಲ್ಲಿ ಹುಡುಗಿ ಮೃಗವಾಗುತ್ತಾಳೆ. ಒಂದರಲ್ಲಿ ಅಜ್ಜಿಯೇ ತೋಳ, ಇನ್ನೊಂದರಲ್ಲಿ ಅಜ್ಜಿ ತೋಳದ ಬಾಯಿಗೆ ತುತ್ತು. ಲೇಖಕಿಯ ನಿಲುವಾದರೂ ಏನು ಎಂದು ಓದುಗರು ಕೈಚೆಲ್ಲುವುದು ಇಲ್ಲೇ.

ಆ ಗೊಂದಲ ಲೇಖಕಿಯ ಎಡವಟ್ಟಲ್ಲ, ಪುಸ್ತಕವನ್ನು ಕಟ್ಟಿರುವುದೇ ಹಾಗೆ. ಕಾರ್ಟರ್ ಒಂದೇ ಹಳೆಯ ಕತೆಯನ್ನು ಎರಡು ಸಲ, ಮೂರು ಸಲ ಕೈಗೆತ್ತಿಕೊಳ್ಳುತ್ತಾರೆ. ಪ್ರತಿ ಸಲವೂ ಒಂದು ಕೀಲನ್ನು ಬದಲಿಸಿ, ಹಾಗೆ ಬದಲಿಸಿದಾಗ ಹೆಣ್ಣಿನ ಗತಿ ಏನಾಗುತ್ತದೆ ಎಂದು ನೋಡುತ್ತಾರೆ. ಯಾವ ಒಂದು ಕತೆಯೂ ಅವರ ಕೊನೆಯ ಮಾತಲ್ಲ. ಅದಕ್ಕೇ ಇವನ್ನು ಬಿಡಿಬಿಡಿಯಾಗಿ ಓದಿ ತೀರ್ಪು ಕೊಡಬಾರದು. ಜೋಡಿ ಮಾಡಿ, ಪಕ್ಕದಲ್ಲಿ ಹಳೆಯ ಕತೆಯನ್ನೂ ಇಟ್ಟುಕೊಂಡು ಓದಬೇಕು.

ಓದುವ ಮುನ್ನ

ಮೊದಲು ಹಳೆಯ ಕತೆಗಳನ್ನು ಹುಡುಕಿಕೊಳ್ಳಿ. ಮುಖ್ಯವಾಗಿ ಬೇಕಾದ್ದು ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ಸಂಗ್ರಹದ ಮೂರು: ನೀಲಿಗಡ್ಡದವನ ಕತೆ, ಕೆಂಪು ಕುಲಾವಿಯ ಹುಡುಗಿಯ ಕತೆ, ಬೂಟು ತೊಟ್ಟ ಬೆಕ್ಕಿನ ಕತೆ. ಜೊತೆಗೆ ಮದಾಮ್ ಬೋಮೋಂ 1756ರಲ್ಲಿ ಬರೆದ 'ಬ್ಯೂಟಿ ಅಂಡ್ ದ ಬೀಸ್ಟ್', ಗ್ರಿಮ್ ಸಹೋದರರ ಸ್ನೋ ವೈಟ್. ಎಲ್ಲವೂ ಹಕ್ಕುಸ್ವಾಮ್ಯದ ಅವಧಿ ದಾಟಿದವು, ಇಂಗ್ಲಿಷ್ ಅನುವಾದಗಳು ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ. ಐದೂ ಸೇರಿದರೆ ಒಂದು ಸಂಜೆಯ ಓದು.

ಕತೆ ಹೇಗೂ ಗೊತ್ತಿದೆಯಲ್ಲ ಎಂದು ಈ ಹಂತ ಬಿಟ್ಟರೆ ಕೆಡುವುದು ಇಲ್ಲೇ. ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವ ಕೆಂಪು ಕುಲಾವಿಯ ಹುಡುಗಿ ಗ್ರಿಮ್ ಅವರದು: ಬೇಟೆಗಾರ ಬಂದು ತೋಳದ ಹೊಟ್ಟೆ ಸೀಳಿ ಅಜ್ಜಿ ಮೊಮ್ಮಗಳನ್ನು ಉಳಿಸುತ್ತಾನೆ. ಪೆರೋ ಹೇಳಿದ ಕತೆಯಲ್ಲಿ ಬೇಟೆಗಾರನೇ ಇಲ್ಲ. ತೋಳ ಹುಡುಗಿಯನ್ನು ತಿಂದುಹಾಕುತ್ತದೆ, ಅಲ್ಲಿಗೆ ಕತೆ ಮುಗಿಯಿತು. ಕೆಳಗೆ ಒಂದು ನೀತಿಪದ್ಯ: ಚೆಂದದ ಹುಡುಗಿಯರು ಅಪರಿಚಿತರ ಮಾತಿಗೆ ಕಿವಿಗೊಡಬಾರದು. ನೀಲಿಗಡ್ಡದವನ ಕತೆಯ ಕೊನೆಗೂ ಹೆಣ್ಣಿನ ಕುತೂಹಲವನ್ನು ಗದರುವ ಪದ್ಯವಿದೆ, ಕೊಲೆಗಾರ ಗಂಡನ ಬಗ್ಗೆ ಆ ಪದ್ಯದಲ್ಲಿ ಒಂದು ಕಟುನುಡಿಯೂ ಇಲ್ಲ. ಕಾರ್ಟರ್ ಜಗಳ ತೆಗೆದಿರುವುದು ಈ ಪೆರೋ ಜೊತೆಗೆ. ಗೊಲಾಂಝ್ ಪ್ರಕಾಶನಕ್ಕಾಗಿ ಪೆರೋ ಕತೆಗಳನ್ನು ಅವರೇ ಇಂಗ್ಲಿಷಿಗೆ ತಂದರು. ಆ ಅನುವಾದ ಬಂದದ್ದು 1977ರಲ್ಲಿ, ಸ್ವಂತ ಕತೆಗಳು ಎರಡೇ ವರ್ಷದ ನಂತರ. ಅನುವಾದಕಿಯಾಗಿ ಸಾಲು ಸಾಲು ಅರೆದು ಕುಡಿದವರು ಎಂಬುದನ್ನು ಮರೆತು ಓದಿದರೆ ಅವರ ಅರ್ಧ ಏಟುಗಳು ನಮಗೆ ಕಾಣುವುದೇ ಇಲ್ಲ.

ಇನ್ನೊಂದು ಮಾತು. ಫ್ರಾನ್ಸಿನಲ್ಲಿ ಈ ಬಗೆಯ ಕತೆಗಳನ್ನು ಬರೆದು ಬೆಳೆಸಿದವರಲ್ಲಿ ಹೆಂಗಸರೇ ಬಹಳ ಮಂದಿ. ಮದಾಮ್ ದೋನ್ವಾ ಪೆರೋಗೆ ಸಮಕಾಲೀನರು. 'ಬ್ಯೂಟಿ ಅಂಡ್ ದ ಬೀಸ್ಟ್' ಕತೆಯ ದೀರ್ಘ ರೂಪವನ್ನು 1740ರಲ್ಲಿ ಬರೆದ ಮದಾಮ್ ವಿಲ್‌ನೆವ್, ಅದನ್ನು ಚಿಕ್ಕದು ಮಾಡಿದ ಬೋಮೋಂ, ಇಬ್ಬರೂ ಹೆಂಗಸರು. ಹಾಗಾಗಿ 'ಗಂಡಸರು ಬರೆದದ್ದನ್ನು ಹೆಂಗಸೊಬ್ಬಳು ತಿದ್ದಿದಳು' ಎಂಬ ಸಲೀಸಾದ ಸೂತ್ರ ಇಲ್ಲಿ ಪೂರ್ತಿ ಹೊಂದುವುದಿಲ್ಲ.

ಪುಸ್ತಕದ ವಿಷಯಕ್ಕೆ ಬಂದರೆ, ಕೊಳ್ಳುವುದಾದರೆ ಬಿಡಿ ಸಂಕಲನಕ್ಕಿಂತ 1995ರ 'ಬರ್ನಿಂಗ್ ಯುವರ್ ಬೋಟ್ಸ್' ಕೊಳ್ಳಿ. ಕಾರ್ಟರ್ ಅವರ ಎಲ್ಲ ಸಂಕಲನಗಳ ಸಣ್ಣಕತೆಗಳೂ ಅದರಲ್ಲಿವೆ, ಮುಂದೆ ಹೇಳುವ ಎರಡು ಕತೆಗಳಿಗೆ ಬೇರೆ ಪುಸ್ತಕ ಹುಡುಕಬೇಕಿಲ್ಲ. ಇವು ಮಕ್ಕಳಿಗೆ ಓದಿ ಹೇಳುವ ಕತೆಗಳಲ್ಲ ಎಂಬುದನ್ನೂ ಮೊದಲೇ ತಿಳಿದಿರಿ. ಕಾಮವೂ ಹಿಂಸೆಯೂ ನೇರವಾಗಿಯೇ ಇವೆ, 'ದ ಸ್ನೋ ಚೈಲ್ಡ್' ಕತೆಯಲ್ಲಿ ಶವದ ಮೇಲಿನ ಅತ್ಯಾಚಾರವಿದೆ. ಮಕ್ಕಳಿಗೆ ಕೊಡಬಹುದಾದದ್ದು ಬೇರೆ: ಮೈಕೆಲ್ ಫೋರ್‌ಮನ್ ಚಿತ್ರ ಬರೆದ, 1982ರಲ್ಲಿ ಬಂದ 'ಸ್ಲೀಪಿಂಗ್ ಬ್ಯೂಟಿ' ಅನುವಾದ ಸಂಗ್ರಹ.

ನೋಟ್‌ಪುಸ್ತಕದ ನಾಲ್ಕು ಕಾಲಂ

ಒಂದು ಪುಟಕ್ಕೆ ಉದ್ದಕ್ಕೆ ಮೂರು ಗೆರೆ ಎಳೆಯಿರಿ. ನಾಲ್ಕು ಕಾಲಂಗಳ ತಲೆಬರಹ: ನೋಡುವವರು ಯಾರು, ಬೀಗದಕೈ ಅಥವಾ ಆಸ್ತಿ ಯಾರ ಕೈಯಲ್ಲಿ, ರಕ್ತ ಹರಿಸುವವರು ಯಾರು, ಕೊನೆಗೆ ಯಾವ ಮನೆಯಲ್ಲಿ ಯಾರಿದ್ದಾರೆ. ಪ್ರತಿ ಕತೆಗೂ ಎರಡು ಸಾಲು ಬಿಡಿ, ಮೇಲಿನದು ಹಳೆಯ ಕತೆಗೆ, ಕೆಳಗಿನದು ಕಾರ್ಟರ್ ಕತೆಗೆ.

ಮೊದಲ ಸಲ ಓದುವಾಗ ನಿಘಂಟು ಮುಟ್ಟಬೇಡಿ, ಕಾಲಂ ತುಂಬುವುದೂ ಬೇಡ. ಎರಡನೆಯ ಓದಿನಲ್ಲಿ ಮಾತ್ರ ತುಂಬಿ. ಕಾರ್ಟರ್ ವಾಕ್ಯದಲ್ಲಿ ಗೊತ್ತಿಲ್ಲದ ಪದಗಳು ಬಹಳ ಬರುತ್ತವೆ, ಅವುಗಳಲ್ಲಿ ಹಲವು ಬಟ್ಟೆ, ಹೂವು, ರತ್ನಗಳ ಹೆಸರು. ಒಂದೊಂದಕ್ಕೂ ನಿಂತರೆ ಕತೆಯ ಉಸಿರು ಕಟ್ಟುತ್ತದೆ. ಮತ್ತೆ ಮತ್ತೆ ಬರುವ ಪದಗಳನ್ನಷ್ಟೇ ಗುರುತು ಹಾಕಿಕೊಳ್ಳಿ: ಗುಲಾಬಿ, ಕನ್ನಡಿ, ತುಪ್ಪಳ, ಹಿಮ, ಲಿಲ್ಲಿ. ಈ ಐದು ಎಲ್ಲೆಲ್ಲಿ ಬರುತ್ತವೆ ಎಂದು ನೋಡಿದರೂ ಪುಸ್ತಕದ ನೇಯ್ಗೆ ಅರ್ಧ ಬಿಡಿಸಿದಂತೆ.

ಕೊನೆಯಿಂದ ಶುರು ಮಾಡಿ: ಮೂರು ತೋಳಗಳು

ಸಂಕಲನದ ಕೊನೆಯ ಮೂರು ಕತೆಗಳನ್ನು ಮೊದಲು ಓದಿ. 'ದ ವೇರ್‌ವುಲ್ಫ್' ಮೂರೇ ಪುಟ, ಭಾಷೆಯೂ ಸರಳ. ಚಳಿಯ ನಾಡು, ಬಡವರ ಊರು. ಅಜ್ಜಿಗೆ ರೊಟ್ಟಿ ಕೊಂಡೊಯ್ಯುವ ಹುಡುಗಿ ಎರಗಿದ ತೋಳದ ಮುಂಗಾಲನ್ನು ಚೂರಿಯಿಂದ ಕತ್ತರಿಸಿ ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತಾಳೆ. ಅಜ್ಜಿಯ ಮನೆಯಲ್ಲಿ ಬಿಚ್ಚಿದರೆ ಅದು ಮನುಷ್ಯರ ಕೈ, ಬೆರಳಲ್ಲಿ ಮದುವೆಯುಂಗುರ, ಒಂದು ನರುಲಿ. ಜ್ವರದಲ್ಲಿ ಮಲಗಿರುವ ಅಜ್ಜಿಗೆ ಒಂದು ಕೈ ಇಲ್ಲ. ಊರವರು ಬಂದು ಮುದುಕಿಯನ್ನು ಹೊಡೆದು ಕಲ್ಲೆಸೆದು ಕೊಲ್ಲುತ್ತಾರೆ. ಹುಡುಗಿ ಅಜ್ಜಿಯ ಮನೆಯಲ್ಲೇ ನೆಲೆಸಿ ಚೆನ್ನಾಗಿ ಬಾಳುತ್ತಾಳೆ.

ಈಗ ಕಾಲಂ ತುಂಬಿ. ರಕ್ತ ಹರಿಸಿದವಳು ಹುಡುಗಿ, ಕೊನೆಗೆ ಮನೆ ಅವಳದು. ಗೆಲುವೆಂದು ಚಪ್ಪಾಳೆ ತಟ್ಟುವ ಮುನ್ನ ಸತ್ತವರು ಯಾರು ಎಂದು ನೋಡಿ. ಒಬ್ಬ ಹೆಂಗಸು ಉಳಿದದ್ದು ಇನ್ನೊಬ್ಬಳನ್ನು ಮಾಟಗಾತಿಯೆಂದು ಊರ ಕೈಗೆ ಒಪ್ಪಿಸಿ. ಊರಿನ ಹೆದರಿಕೆಗೆ ಹುಡುಗಿಯೂ ಕೈಜೋಡಿಸಿದಳೇ ಎಂಬ ಸಂಶಯವನ್ನು ಕತೆ ಬಿಡಿಸುವುದೇ ಇಲ್ಲ. ಇಲ್ಲಿ ಅವಸರಪಟ್ಟು 'ಧೀರ ಹುಡುಗಿ' ಎಂದು ಬರೆದುಕೊಂಡವರು ಪುಸ್ತಕದ ಉಳಿದ ಕತೆಗಳನ್ನೂ ಹಾಗೆಯೇ ಚಪ್ಪಟೆಯಾಗಿ ಓದುತ್ತಾರೆ.

ತಕ್ಷಣ 'ದ ಕಂಪನಿ ಆಫ್ ವುಲ್ವ್ಸ್' ಎತ್ತಿಕೊಳ್ಳಿ. ಮೊದಲ ಭಾಗದಲ್ಲಿ ಹುಡುಗಿಯೇ ಇಲ್ಲ, ತೋಳಗಳ ಬಗೆಗಿನ ಊರ ಮಾತುಗಳು ಒಂದರ ಹಿಂದೊಂದು ಬರುತ್ತವೆ. ಹಲವರು ಇದನ್ನು ಪೀಠಿಕೆ ಎಂದು ಹಾರಿಸುತ್ತಾರೆ, ಹಾರಿಸಬೇಡಿ. ಹೆದರಬೇಕೆಂದು ಹುಡುಗಿಗೆ ಊರು ಕಲಿಸಿಕೊಟ್ಟ ಪಾಠವೇ ಅದು. ಮುಂದೆ ಅಜ್ಜಿಯನ್ನು ತಿಂದು ಹಾಸಿಗೆಯ ಪಕ್ಕದಲ್ಲಿ ಕಾದು ಕುಳಿತಿದ್ದ ತೋಳ-ಗಂಡಸು ನಿನ್ನನ್ನು ತಿನ್ನಲೆಂದೇ ಈ ಹಲ್ಲು ಎಂದಾಗ ಹುಡುಗಿ ಗಹಗಹಿಸಿ ನಗುತ್ತಾಳೆ. ತಾನು ಯಾರ ಮಾಂಸವೂ ಅಲ್ಲವೆಂದು ಅವಳಿಗೆ ಗೊತ್ತಿದೆ. ಅವನ ಅಂಗಿಯನ್ನೂ ತನ್ನ ಬಟ್ಟೆಯನ್ನೂ ಒಲೆಗೆ ಹಾಕಿ, ಕೊನೆಗೆ ಅಜ್ಜಿಯ ಹಾಸಿಗೆಯಲ್ಲಿ ತೋಳದ ಪಂಜಗಳ ನಡುವೆ ನೆಮ್ಮದಿಯ ನಿದ್ದೆಯಲ್ಲಿದ್ದಾಳೆ. ಇಲ್ಲಿ ಅವಳು ರಕ್ತ ಹರಿಸುವುದಿಲ್ಲ. ಅವಳ ಆಯುಧ ನಗು ಮತ್ತು ಆಸೆ. ಆದರೆ ಮಂಚದ ಕೆಳಗೆ ಅಜ್ಜಿಯ ಮೂಳೆಗಳು ಇನ್ನೂ ಕಟಕಟ ಎನ್ನುತ್ತಿವೆ, ಅದನ್ನೂ ಕಾಲಂನಲ್ಲಿ ಬರೆಯಿರಿ.

ಮೂರನೆಯದು 'ವುಲ್ಫ್-ಆಲಿಸ್'. ತೋಳಗಳು ಸಾಕಿದ ಹುಡುಗಿ, ಹೆಣ ತಿನ್ನುವ ಡ್ಯೂಕ್‌ನ ಮನೆಯಲ್ಲಿ. ಅವಳಿಗೆ ಮಾತಿಲ್ಲ, ಕನ್ನಡಿಯಲ್ಲಿರುವವಳು ತಾನೆಂದು ಗೊತ್ತಿಲ್ಲ. ಡ್ಯೂಕ್‌ಗೆ ಕನ್ನಡಿಯಲ್ಲಿ ಬಿಂಬವೇ ಇಲ್ಲ. ಗುಂಡೇಟು ತಿಂದು ಬಿದ್ದ ಅವನ ಮುಖವನ್ನು ಅವಳು ನೆಕ್ಕುತ್ತಾ ಹೋದಂತೆ ಕನ್ನಡಿಯಲ್ಲಿ ಅವನ ಮುಖ ಮೆಲ್ಲಗೆ ಮೂಡುತ್ತದೆ. ಮೂರೂ ಮುಗಿದ ಮೇಲೆ ಕಾಲಂಗಳನ್ನು ಒಟ್ಟಿಗೆ ನೋಡಿ: ಮೊದಲನೆಯದರಲ್ಲಿ ತೋಳ ಶತ್ರು, ಎರಡನೆಯದರಲ್ಲಿ ಜೊತೆಗಾರ, ಮೂರನೆಯದರಲ್ಲಿ ಹುಡುಗಿಯೇ ತೋಳಗಳ ಮಗಳು. ಬದಲಾಗುತ್ತಾ ಬಂದ ಕೀಲು ಅದೇ. ಇನ್ನೂ ಮುಂದೆ ಹೋಗುವ ಮನಸ್ಸಿದ್ದರೆ 1985ರ 'ಬ್ಲ್ಯಾಕ್ ವೀನಸ್' ಸಂಕಲನದ 'ಪೀಟರ್ ಅಂಡ್ ದ ವುಲ್ಫ್' ಓದಿ, ತೋಳಗಳ ನಡುವೆ ಬೆಳೆದ ಹುಡುಗಿಯನ್ನು ಅಲ್ಲಿ ಒಬ್ಬ ಹುಡುಗನ ಕಣ್ಣಿಂದ ನೋಡುತ್ತೇವೆ.

ಎರಡು ಮೃಗಗಳು

'ದ ಕೋರ್ಟ್‌ಶಿಪ್ ಆಫ್ ಮಿಸ್ಟರ್ ಲಯನ್' ಮತ್ತು 'ದ ಟೈಗರ್ಸ್ ಬ್ರೈಡ್' ಒಂದೇ ದಿನ ಓದಬೇಕಾದವು. ಮೊದಲನೆಯದು ಬೋಮೋಂ ಕತೆಗೆ ಬಹಳ ಹತ್ತಿರ: ಅಪ್ಪ, ಬಿಳಿ ಗುಲಾಬಿ, ಸಾಯುತ್ತಿರುವ ಮೃಗ, ಹುಡುಗಿಯ ಕಣ್ಣೀರು, ಮನುಷ್ಯನಾದ ಸಿಂಹ. ಇಷ್ಟೇ ಓದಿದವರಿಗೆ ಇದರಲ್ಲಿ ಸ್ತ್ರೀವಾದ ಎಲ್ಲಿದೆ ಎನಿಸುವುದು ಸಹಜ.

ಎರಡನೆಯದರಲ್ಲಿ ಅಪ್ಪ ಮಗಳನ್ನು ಇಸ್ಪೀಟಿನಲ್ಲಿ ಸೋಲುತ್ತಾನೆ. ಕತೆ ಹೇಳುವವಳು ಅವಳೇ, 'ನಾನು' ಎಂದೇ. ಮೃಗ ಕೇಳುವುದು ಒಂದೇ, ಅವಳನ್ನು ಒಮ್ಮೆ ಬತ್ತಲೆ ನೋಡಬೇಕು. ಅವಳು ಒಪ್ಪುವುದಿಲ್ಲ. ಮೊದಲು ಬಟ್ಟೆ ಕಳಚುವುದು ಮೃಗವೇ, ಆಮೇಲೆ ಅವಳು. ಅವಳಿಗೆ ಸೇವಕಿಯಾಗಿ ಕೊಟ್ಟದ್ದು ಕೀಲಿ ಕೊಟ್ಟರೆ ಆಡುವ ಬೊಂಬೆ. ಕೊನೆಗೆ ಅವಳು ಆ ಬೊಂಬೆಯನ್ನೇ ತನ್ನ ಬದಲು ಅಪ್ಪನ ಬಳಿಗೆ ಕಳಿಸಲು ತೀರ್ಮಾನಿಸುತ್ತಾಳೆ. ಅಪ್ಪನಿಗೆ ಬೇಕಾಗಿದ್ದ ಮಗಳು ಅಷ್ಟೇ ತಾನೆ ಎಂಬ ಆ ಒಂದು ಏಟು ನನ್ನ ಲೆಕ್ಕದಲ್ಲಿ ಇಡೀ ಪುಸ್ತಕದಲ್ಲೇ ಅತ್ಯಂತ ಹರಿತವಾದದ್ದು. ಹುಲಿ ಅವಳ ಚರ್ಮವನ್ನು ನೆಕ್ಕಿ ನೆಕ್ಕಿ ಪದರ ಪದರವಾಗಿ ತೆಗೆದಾಗ ಒಳಗಿಂದ ತುಪ್ಪಳ ಹೊರಬರುತ್ತದೆ. ಹಳೆಯ ಕತೆಯಲ್ಲಿ ಹೆಣ್ಣಿನ ಪ್ರೀತಿ ಗಂಡನ್ನು ನಾಗರಿಕನನ್ನಾಗಿಸಬೇಕು, ಇಲ್ಲಿ ಅವಳು ಆ ಚಾಕರಿಯಿಂದ ಕಳಚಿಕೊಳ್ಳುತ್ತಾಳೆ. ಸಿಂಹದ ಕತೆ ಪಕ್ಕದಲ್ಲಿ ಇಲ್ಲದಿದ್ದರೆ ಹುಲಿಯ ಕತೆಯ ಈ ಅಳತೆ ಸಿಗುವುದಿಲ್ಲ. ಕಾರ್ಟರ್ ಎರಡನ್ನೂ ಅಕ್ಕಪಕ್ಕ ಇಟ್ಟದ್ದು ಅದಕ್ಕೇ.

ಈಗ ದೊಡ್ಡ ಕೋಣೆಗೆ

ಇಷ್ಟಾದ ಮೇಲೆ ಶೀರ್ಷಿಕೆಯ ಕತೆ, ನೀಲಿಗಡ್ಡದವನ ಕತೆಯ ಹೊಸ ರೂಪ. ಒಂದೇ ಕೂತಿನಲ್ಲಿ ಬೇಡ, ಮೂರು ಭಾಗ ಮಾಡಿಕೊಳ್ಳಿ: ರೈಲು ಪ್ರಯಾಣದಿಂದ ಮೊದಲ ರಾತ್ರಿಯವರೆಗೆ, ಗಂಡ ಬೀಗದಕೈ ಗೊಂಚಲು ಕೊಟ್ಟು ಹೊರಡುವುದರಿಂದ ತೆರೆಯಬಾರದೆಂದ ಕೋಣೆಯನ್ನು ಅವಳು ತೆರೆಯುವವರೆಗೆ, ಅಲ್ಲಿಂದ ಕೊನೆಯವರೆಗೆ. ಹದಿನೇಳರ ಹುಡುಗಿ, ಪಿಯಾನೋ ಕಲಿತವಳು, ಹೆಸರಿಲ್ಲ. ಗಂಡ ಸಿರಿವಂತ ಮಾರ್ಕ್ವಿ, ಆಗಲೇ ಮೂವರು ಹೆಂಡತಿಯರನ್ನು ಕಳೆದುಕೊಂಡವನು. ಕೊರಳಿಗೆ ಅವನು ಹಾಕಿದ ಮಾಣಿಕ್ಯದ ಪಟ್ಟಿ ಸೀಳಿದ ಗಾಯದಂತೆ ಕಾಣುತ್ತದೆ. ಆ ಒಡವೆ ಎಲ್ಲೆಲ್ಲಿ ಮತ್ತೆ ಬರುತ್ತದೆ ನೋಡುತ್ತಾ ಹೋಗಿ. ಕನ್ನಡಿಗಳನ್ನೂ ಎಣಿಸಿ. ಅವನು ತನ್ನನ್ನು ನೋಡುವುದನ್ನು ಅವಳು ಕನ್ನಡಿಯಲ್ಲಿ ನೋಡುವ ಸಾಲುಗಳಲ್ಲಿ ಅವಳಿಗೆ ತನ್ನೊಳಗಿನ ಆಸೆಯೂ ಹೆದರಿಕೆಯೂ ಒಟ್ಟಿಗೆ ಕಾಣುತ್ತವೆ. ಅವಳು ಬರೀ ಬಲಿಪಶುವಲ್ಲ, ಹಣಕ್ಕೂ ಕುತೂಹಲಕ್ಕೂ ಮನಸೋತವಳು. ಅದನ್ನು ಅವಳೇ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾಳೆ.

ಪೆರೋ ಕತೆಯಲ್ಲಿ ಉಳಿಸಲು ಬರುವವರು ಅಣ್ಣಂದಿರು. ಇಲ್ಲಿ ಕುದುರೆಯೇರಿ, ಸಮುದ್ರದ ನೀರು ಸೀಳಿಕೊಂಡು ಬರುವವಳು ಅಮ್ಮ. ಅಮ್ಮ ತನ್ನ ಗಂಡನ ಹಳೆಯ ರಿವಾಲ್ವರಿನಿಂದ ಮಾರ್ಕ್ವಿಯ ತಲೆಗೆ ಹಾರಿಸುವುದು ಒಂದೇ ಗುಂಡು. ಈ ಅಮ್ಮ ಹಿಂದೆ ಇಂಡೋಚೈನಾದಲ್ಲಿ ನರಭಕ್ಷಕ ಹುಲಿಯನ್ನು ಕೊಂದವಳೆಂದು ಮೊದಲ ಪುಟಗಳಲ್ಲೇ ಹೇಳಿದೆ. ಅದನ್ನು ಗಮನಿಸದವರಿಗೆ ಅಂತ್ಯ ಎಲ್ಲಿಂದಲೋ ಧುಮುಕಿದಂತೆ ಅನಿಸುತ್ತದೆ. ಬೀಗದಕೈ ಮೇಲಿನ ರಕ್ತದ ಕಲೆ ಹುಡುಗಿಯ ಹಣೆಗೆ ಅಂಟಿ ಕೊನೆತನಕ ಉಳಿಯುತ್ತದೆ. ಅವಳ ಎರಡನೆಯ ಸಂಗಾತಿ ಕುರುಡ, ಪಿಯಾನೋ ಶ್ರುತಿ ಮಾಡುವವನು. ಆ ಕಲೆ ಅವನಿಗೆ ಕಾಣುವುದಿಲ್ಲವೆಂಬುದು ಅವಳಿಗೆ ಸಮಾಧಾನ. ನಾಲ್ಕನೆಯ ಕಾಲಂ ತುಂಬುವಾಗ ಕೋಟೆಯ ಗತಿಯನ್ನೂ ಬರೆಯಿರಿ: ಅದು ಅಂಧರ ಶಾಲೆಯಾಗುತ್ತದೆ.

ಉಳಿದ ನಾಲ್ಕು

'ದ ಸ್ನೋ ಚೈಲ್ಡ್' ಒಂದೆರಡು ಪುಟವಷ್ಟೇ, ಆದರೆ ಎದೆ ನಡುಗಿಸುತ್ತದೆ. ಕೌಂಟ್ ಬಯಸಿದಂತೆ ಹುಟ್ಟುವ ಹುಡುಗಿ, ಅವಳ ಮೇಲೆ ಕೌಂಟೆಸ್‌ಗೆ ಮತ್ಸರ. ತುಪ್ಪಳದ ಮೇಲಂಗಿ, ಬೂಟುಗಳು ಯಾರ ಮೈಮೇಲಿಂದ ಯಾರಿಗೆ ಹೋಗಿ ಹೇಗೆ ಹಿಂತಿರುಗುತ್ತವೆ ಎಂದಷ್ಟೇ ಬರೆದುಕೊಂಡರೆ ಸಾಕು: ಒಬ್ಬ ಗಂಡಸಿನ ಕೃಪೆಯೊಂದೇ ಆಸ್ತಿಯಾದಾಗ ಇಬ್ಬರು ಹೆಂಗಸರು ಹೇಗೆ ಶತ್ರುಗಳಾಗುತ್ತಾರೆಂಬುದು ಆ ಬಟ್ಟೆಗಳ ಓಡಾಟದಲ್ಲೇ ಇದೆ. 'ದಿ ಅರ್ಲ್-ಕಿಂಗ್' ಕಾಡಿನ ಕತೆ. ನಿರೂಪಣೆ ನಾನು, ನೀನು, ಅವಳು ಎಂದು ಜಾರುತ್ತದೆ, ಎಲ್ಲಿ ಜಾರಿತೆಂದು ಪೆನ್ಸಿಲ್ ಗುರುತು ಹಾಕಿ. 'ದ ಲೇಡಿ ಆಫ್ ದ ಹೌಸ್ ಆಫ್ ಲವ್' ರಕ್ತಪಿಶಾಚಿ ಕೌಂಟೆಸ್ ಮತ್ತು ಸೈಕಲ್ ಮೇಲೆ ಬರುವ ಇಂಗ್ಲಿಷ್ ಸೈನಿಕನ ಕತೆ. ಮೊದಲ ಮಹಾಯುದ್ಧದ ಹೊಸ್ತಿಲಲ್ಲಿ ನಡೆಯುತ್ತದೆಂಬುದು ಮುಖ್ಯ. 'ಪುಸ್-ಇನ್-ಬೂಟ್ಸ್' ಬೆಕ್ಕೇ ಹೇಳುವ ಪೋಲಿ ತಮಾಷೆ, ಭಾರವಾದ ಕತೆಗಳ ನಡುವೆ ಎಲ್ಲಿ ಬೇಕಾದರೂ ಓದಿಕೊಳ್ಳಿ.

ಕಿವಿಗೆ, ಕಣ್ಣಿಗೆ

ಕಾರ್ಟರ್ ರೇಡಿಯೋ ನಾಟಕಗಳನ್ನೂ ಬರೆದವರು. ರಕ್ತಪಿಶಾಚಿಯ ಕತೆ ಮೊದಲು 'ವ್ಯಾಂಪಿರೆಲ್ಲಾ' ಎಂಬ ನಾಟಕವಾಗಿ 1976ರಲ್ಲಿ ಬಿಬಿಸಿಯಲ್ಲಿ ಪ್ರಸಾರವಾಗಿತ್ತು. ಹಾಗಾಗಿ ಕಷ್ಟವೆನಿಸಿದ ಪುಟವನ್ನು ಗಟ್ಟಿಯಾಗಿ ಓದಿ, ವಾಕ್ಯ ತಾನಾಗಿ ಬಿಡಿಸಿಕೊಳ್ಳುತ್ತದೆ. ನೀಲ್ ಜೋರ್ಡನ್ 1984ರಲ್ಲಿ ತೆಗೆದ 'ದ ಕಂಪನಿ ಆಫ್ ವುಲ್ವ್ಸ್' ಸಿನಿಮಾದ ಚಿತ್ರಕತೆಯಲ್ಲಿ ಕಾರ್ಟರ್ ಕೈಯಿದೆ, ಆದರೆ ಅದು ಬೇರೆಯದೇ ಕೃತಿ, ಅಂತ್ಯವೂ ಬೇರೆ. ಪುಸ್ತಕಕ್ಕೆ ಮೊದಲು ನೋಡಿದರೆ ಹುಡುಗಿಯ ನಗುವಿನ ಜಾಗದಲ್ಲಿ ಸಿನಿಮಾದ ಬಿಂಬ ಕುಳಿತುಬಿಡುತ್ತದೆ. ಆಮೇಲೆ ನೋಡಿ.

ಬದುಕಿನ ಪಕ್ಕದಲ್ಲಿಟ್ಟು

ಕಾರ್ಟರ್ ಹುಟ್ಟಿದ್ದು 1940ರ ಮೇ 7ರಂದು, ಈಸ್ಟ್‌ಬೋರ್ನ್‌ನಲ್ಲಿ. ಯುದ್ಧಕಾಲದಲ್ಲಿ ಯಾರ್ಕ್‌ಶೈರ್‌ನಲ್ಲಿ ತಾಯಿಯ ತಾಯಿಯ ಬಳಿ ಬೆಳೆದರು. ಇವರ ಬರಹದಲ್ಲಿ ಗಟ್ಟಿಗಿತ್ತಿ ಅಜ್ಜಿಯರು ಮತ್ತೆ ಮತ್ತೆ ಬರುವುದನ್ನು ಇದರ ಜೊತೆಗಿಟ್ಟು ಓದುವವರಿದ್ದಾರೆ. ಪತ್ರಿಕೆಯೊಂದರಲ್ಲಿ ವರದಿಗಾರ್ತಿಯಾಗಿದ್ದು, ಬ್ರಿಸ್ಟಲ್‌ನಲ್ಲಿ ಮಧ್ಯಯುಗದ ಸಾಹಿತ್ಯ ಓದಿದರು. ಮೊದಲ ಕಾದಂಬರಿ 'ಶ್ಯಾಡೋ ಡ್ಯಾನ್ಸ್' 1966ರಲ್ಲಿ. ಸಾಮರ್‌ಸೆಟ್ ಮಾಮ್ ಪ್ರಶಸ್ತಿಯ ಹಣ ಕೈಗೆ ಬಂದಾಗ, 1969ರಲ್ಲಿ, ಗಂಡನನ್ನು ಬಿಟ್ಟು ಜಪಾನಿಗೆ ಹೋದರು, 1972ರವರೆಗೂ ಅಲ್ಲೇ ಇದ್ದರು. ಹೆಣ್ಣಾಗಿರುವುದೆಂದರೇನೆಂದು ಕಲಿತು ನಿಲುವಿನಲ್ಲಿ ತೀವ್ರವಾದಿಯಾದದ್ದು ಅಲ್ಲೇ ಎಂದು ಮುಂದೆ ಬರೆದುಕೊಂಡರು. ಪ್ರತಿ ಕತೆಯ ಕೊನೆಗೆ 'ಯಾರು ಮನೆ ಬಿಟ್ಟರು' ಎಂದು ಕೇಳುವುದು ಈ ಬದುಕಿಗೂ ಒಪ್ಪುವ ಪ್ರಶ್ನೆ.

1979ರಲ್ಲಿ ಈ ಕತೆಗಳ ಜೊತೆಗೇ 'ದ ಸೇಡಿಯನ್ ವುಮನ್' ಎಂಬ ಪ್ರಬಂಧವೂ ಬಂತು, ವಿರಾಗೋ ಎಂಬ ಸ್ತ್ರೀವಾದಿ ಪ್ರಕಾಶನದಿಂದ. ಕತೆಗಳು ಹಿಡಿದ ಪ್ರಶ್ನೆಗಳನ್ನೇ ಅದು ವಾದವಾಗಿ ಬಿಡಿಸುತ್ತದೆ. ಕತೆಗಳು ಮುಗಿದ ಮೇಲೆ ಅದರ ಮೊದಲ ಅಧ್ಯಾಯವನ್ನಾದರೂ ಓದಿ. ದೊಡ್ಡ ಕಾದಂಬರಿಗಳಾದ 'ನೈಟ್ಸ್ ಅಟ್ ದ ಸರ್ಕಸ್' 1984ರದು, 'ವೈಸ್ ಚಿಲ್ಡ್ರನ್' 1991ರದು. ಲೋಕದ ನಾನಾ ಕಡೆಯ ಅಡಗೂಲಜ್ಜಿ ಕತೆಗಳನ್ನು, ನಾಯಕಿ ಹೆಣ್ಣಾಗಿರುವವನ್ನೇ ಆರಿಸಿ, ಎರಡು ಸಂಪುಟಗಳಲ್ಲಿ ವಿರಾಗೋಗಾಗಿ ಸಂಪಾದಿಸಿದರು. ಮೊದಲನೆಯದು 1990ರಲ್ಲಿ ಬಂತು. ಎರಡನೆಯದು ಬಂದ 1992ರಲ್ಲೇ, ಫೆಬ್ರವರಿ 16ರಂದು, ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಆಗ 51 ವರ್ಷ.

ಗುಂಪಿನಲ್ಲಿ ಓದುವುದಾದರೆ

ಆರರಿಂದ ಎಂಟು ಜನ, ನಾಲ್ಕು ಭೇಟಿ ಸಾಕು: ತೋಳಗಳು, ಮೃಗಗಳು, ಶೀರ್ಷಿಕೆಯ ಕತೆ, ಉಳಿದವು. ಮೊದಲ ಹತ್ತು ನಿಮಿಷ ಒಬ್ಬರು ಹಳೆಯ ಕತೆಯನ್ನು ಕನ್ನಡದಲ್ಲಿ ಬಾಯಲ್ಲೇ ಹೇಳಲಿ, ಹಾಳೆ ನೋಡದೆ. ಹೇಳುವಾಗ ಯಾವ ಭಾಗ ಮರೆತುಹೋಯಿತು, ಯಾವುದನ್ನು ತಮಗೆ ತಿಳಿಯದಂತೆ ಬದಲಿಸಿದರು ಎಂಬುದೇ ಚರ್ಚೆಗೆ ಒಳ್ಳೆಯ ಆರಂಭ. ಸ್ನೋ ಚೈಲ್ಡ್ ಓದುವ ದಿನವನ್ನು ಮೊದಲೇ ತಿಳಿಸಿ. ಬೇಡವೆನ್ನುವವರು ಅಂದು ಹೊರಗುಳಿಯಲಿ.

ವಿರೋಧದ ದನಿಯನ್ನೂ ಮೇಜಿನ ಮೇಲಿಡಿ. ವಿಮರ್ಶಕಿ ಪ್ಯಾಟ್ರಿಷಿಯಾ ಡಂಕರ್ 1984ರಲ್ಲೇ ಆಕ್ಷೇಪ ಎತ್ತಿದ್ದರು: ಹಳೆಯ ಕತೆಯ ಚೌಕಟ್ಟಿನೊಳಗೇ ಬರೆದರೆ ಗಂಡಸಿನ ಕಣ್ಣಿಗೆ ಬೇಕಾದ ಹೆಣ್ಣೇ ಮತ್ತೆ ಮೂಡುತ್ತಾಳೆ ಎಂಬುದು ಅದರ ಸಾರ. ತಳ್ಳಿಹಾಕುವಂಥ ಮಾತಲ್ಲ. ಮೊದಲ ಕತೆಯ ಹಾಸಿಗೆಯ ದೃಶ್ಯವೊಂದನ್ನೇ ಹಿಡಿದರೆ ಡಂಕರ್ ಸರಿ ಎನಿಸಬಹುದು, ಹುಲಿಯ ಕತೆಯನ್ನೂ ಸೇರಿಸಿದರೆ ವಾದ ಸಡಿಲವಾಗುತ್ತದೆ. ಕಾಲಂಗಳನ್ನು ಮುಂದಿಟ್ಟುಕೊಂಡೇ ವಾದಿಸಿ, ಇಲ್ಲವಾದರೆ ಮಾತು ಬರೀ ಅಭಿಪ್ರಾಯವಾಗುತ್ತದೆ.

ನಮ್ಮ ಕತೆಯ ಮೇಲೆ ಪ್ರಯೋಗ

ಇದೇ ನಾಲ್ಕು ಕಾಲಂಗಳನ್ನು ಎ. ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿ, ಹೆಂಗಸರ ಕತೆಯೆಂದು ಗುರುತಿಸಿ ಬರೆದ ಹೂಮರದ ಹುಡುಗಿಯ ಕತೆಗೆ ಹಾಕಿ ನೋಡಿ. ಎರಡು ಕೊಡ ನೀರು. ಒಂದನ್ನು ಸುರಿದರೆ ಹುಡುಗಿ ಹೂವಿನ ಮರವಾಗುತ್ತಾಳೆ, ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ಉಗುರು ತಾಗಬಾರದು, ಕೊಂಬೆ ಮುರಿಯಬಾರದು. ಮದುವೆಯಾದ ಮೇಲೆ ನಾದಿನಿ ಮತ್ತವಳ ಗೆಳತಿಯರು ಕೊಂಬೆ ಮುರಿದು, ನೀರು ಅರ್ಧಂಬರ್ಧ ಸುರಿದು ಬಿಟ್ಟುಹೋಗುತ್ತಾರೆ. ಕೈಕಾಲಿಲ್ಲದ ಮುಂಡವಾಗಿ ಉಳಿದವಳನ್ನು ಕೊನೆಗೆ ಗಂಡ ಮತ್ತೆ ಇಡಿಯಾಗಿಸುತ್ತಾನೆ. ಇಲ್ಲಿ ಗದರುವ ನೀತಿಪದ್ಯವಿಲ್ಲ. ನೋವು ಯಾರದೆಂದು ಕತೆಗೇ ಗೊತ್ತಿದೆ.

ಬರೆದು ನೋಡುವ ಆಸೆಯಿದ್ದರೆ ಒಂದೇ ಕೀಲು ಬದಲಿಸಿ, ಮೂರು ಸಲ ಬರೆಯಿರಿ. ಕಾರ್ಟರ್ ಸಿಂಡ್ರೆಲಾ ಕತೆಗೆ ಮಾಡಿದ್ದು ಅದನ್ನೇ: 1993ರ ಸಂಕಲನದಲ್ಲಿರುವ 'ಆ್ಯಷ್‌ಪಟಲ್' ಮೂರು ತುಂಡುಗಳ ಕತೆ, ಮೂರರಲ್ಲೂ ಗಮನ ರಾಜಕುಮಾರನ ಮೇಲಲ್ಲ, ಸತ್ತ ತಾಯಿಯ ಮೇಲೆ. ಹೂಮರದ ಕತೆಯಲ್ಲಾದರೆ ಮೊದಲ ಸಲ ನಿರೂಪಕಿಯನ್ನು ಬದಲಿಸಿ, ಮರವೇ ಹೇಳಲಿ. ಎರಡನೆಯ ಸಲ ನೀರು ಸುರಿಯುವ ಕೈ ಬದಲಾಗಲಿ, ಗಂಡನ ಬದಲು ಅವಳ ಅಕ್ಕ ಸುರಿಯಲಿ. ಮೂರನೆಯ ಸಲ ಕತೆ ನಾದಿನಿಯದಾಗಲಿ. ಒಂದೇ ಸಲಕ್ಕೆ ಮೂರೂ ಬದಲಿಸಿದರೆ ಯಾವ ಬದಲಾವಣೆಯಿಂದ ಏನಾಯಿತೆಂದು ತಿಳಿಯುವುದಿಲ್ಲ, ಹಳೆಯ ಕತೆಯ ಗುರುತೂ ಅಳಿಸಿಹೋಗುತ್ತದೆ. ನಾಯಕಿಯ ಕೈಗೆ ಕತ್ತಿ ಕೊಟ್ಟು ಮುಗಿಸುವುದು ಎಲ್ಲಕ್ಕಿಂತ ಸುಲಭದ ತಪ್ಪು. ಪ್ರತಿ ಕರಡಿಗೂ ಎರಡು ಪುಟದ ಮಿತಿ ಹಾಕಿಕೊಳ್ಳಿ, ಕೊಡದ ನೀರು, ಉಗುರಿನ ಎಚ್ಚರಿಕೆ, ಮುರಿದ ಕೊಂಬೆ ಈ ಮೂರನ್ನು ಮಾತ್ರ ಯಾವ ಕರಡಿನಲ್ಲೂ ಬಿಡಬೇಡಿ.